ಗುಡಾಣದ ಸುತ್ತ ಮಾದಶೆಟ್ಟಿ

ನರಸೀಪುರದ ಕುಂಬಾರಗೇರಿಯಲ್ಲಿ ಮಾದಶೆಟ್ಟಿಯಂಥ ಕೈ ಇನ್ನೊಬ್ಬನಿಗಿಲ್ಲ ಅನ್ನುವ ಮಾತು ಎಪ್ಪತ್ತರ ದಶಕದಲ್ಲಿ ಸುತ್ತಮುತ್ತಲ ಸಂತೆಗಳಲ್ಲೆಲ್ಲ ಓಡಾಡುತ್ತಿತ್ತು. ಅದನ್ನು ಓಡಾಡಿಸುತ್ತಿದ್ದವನು ಮಾದಶೆಟ್ಟಿಯೇ. ಬೇರೆಯವರು ಹೊಗಳುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಹಾಗಂತ ಅವನು ಸುಳ್ಳು ಹೇಳುತ್ತಿದ್ದ ಅನ್ನಲಾಗದು. ತಿಗರಿಯ ಮೇಲೆ ಮಣ್ಣಿನ ಮುದ್ದೆ ಇಟ್ಟು, ಕೋಲು ಹಾಕಿ ಬೀಸಿ ತಿರುಗಿಸಿ, ಬಗ್ಗಿ ನಿಂತು ಎರಡು ಕೈ ಇಟ್ಟನೆಂದರೆ ಮಡಕೆಯ ಕಂಠ ತಾನಾಗಿಯೇ ಎದ್ದು ಬರುತ್ತಿತ್ತು. ನೋಡಲು ನಿಂತವರ ಕಡೆ ಮುಖ ಮಾಡಿ ಮಾತಾಡುತ್ತಲೇ ಕೆಲಸ ಮುಗಿಸುತ್ತಿದ್ದ. ಮಾತು ಮುಗಿಯುವ ಮುಂಚೆ ಮಡಕೆ ಮುಗಿದುಹೋದರೆ, ಉಳಿದ ಮಾತಿಗಾಗಿ ಇನ್ನೊಂದು ಮಡಕೆ ಮಾಡುತ್ತಿದ್ದ.

ಆ ಕೇರಿಯಲ್ಲಿ ಕೆಲಸ ಭಾಗವಾದದ್ದು ಯಾವ ಕಾಲದಲ್ಲೋ. ತಿಗರಿ ಗಂಡಸರದು, ವರ್ಷಕ್ಕೊಮ್ಮೆ ಕುಂಕುಮ ಇಡುವುದು ಬಿಟ್ಟರೆ ಹೆಂಗಸರು ಅದನ್ನು ಮುಟ್ಟುವಂತಿಲ್ಲ. ತಿಗರಿಯಿಂದಿಳಿದ ದಪ್ಪ ಮಡಕೆಯ ಒಳಗೊಂದು ಗುಂಡುಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ತೆಳ್ಳಗೆ, ದುಂಡಗೆ ಮಾಡುವುದು ಹೆಂಗಸರ ಪಾಲು. ತಿಗರಿಗೆ ಒಗ್ಗದಷ್ಟು ದೊಡ್ಡದಾದ, ಕಾಳು ತುಂಬಿಡುವ ಗುಡಾಣಗಳಂತೂ ಬುಡದಿಂದ ಬಾಯಿವರೆಗೆ ಹೆಂಗಸರ ಕೈಯವೇ. ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸಿ, ತಟ್ಟಿ ಎಬ್ಬಿಸುವ ಕೆಲಸ ಅದು. ಮಾದಶೆಟ್ಟಿಯ ಹೆಂಡತಿ ರಾಚಮ್ಮ ಅದರಲ್ಲಿ ಇಡೀ ಕೇರಿಗೇ ಎತ್ತಿದ ಕೈ. ಅವಳಿಗೆ ಅದನ್ನು ಹೇಳಿಕೊಳ್ಳುವ ಚಟವಿರಲಿಲ್ಲ, ಅವಳ ಗಂಡನಿಗೆ ಹೇಳುವ ಬಾಯಿರಲಿಲ್ಲ.

“ತಟ್ಟೋದೂ ಒಂದು ಕೆಲ್ಸವಾ? ಎಮ್ಮೆ ಮೈ ತೊಳೆಯೋನೂ ತಟ್ತಾನೆ,” ಅಂತ ಅವನು ನಗುವನು.

ರಾಚಮ್ಮ ತಲೆಯೆತ್ತದೆ, “ಊಂ ಕನಾ, ನೀನೇ ಬ್ರಮ್ಮ,” ಅನ್ನುವಳು. ಹಲಗೆ ಮಾತ್ರ ಒಂದೆರಡು ಏಟು ಜೋರಾಗಿ ಬೀಳುತ್ತಿತ್ತು.

ಎಪ್ಪತ್ತೆಂಟನೇ ಇಸವಿಯ ಆಯುಧಪೂಜೆಯ ದಿನ ಈ ಬ್ರಹ್ಮನಿಗೆ ಗ್ರಹಚಾರ ಕಾದಿತ್ತು. ಆವತ್ತು ತಿಗರಿಯನ್ನು ಗೂಟದಿಂದ ಎತ್ತಿ ಇಳಿಸಿ, ತೊಳೆದು, ಕುಂಕುಮ ಇಡುವುದು ವಾಡಿಕೆ. ಎತ್ತಲು ಇಬ್ಬರು ಬೇಕು. ಆದರೆ ಅಂಗಳದಲ್ಲಿ ನಾಲ್ಕು ಜನ ನೋಡುತ್ತ ನಿಂತಿದ್ದರು. ನೋಡುವವರಿದ್ದಾಗ ಮಾದಶೆಟ್ಟಿ ಇನ್ನೊಬ್ಬನ ಸಹಾಯ ಕೇಳಿದ್ದುಂಟೆ? “ಸರೀರಿ ಅತ್ಲಾಗೆ,” ಅಂದವನೇ ಒಬ್ಬನೇ ತಬ್ಬಿ ಎತ್ತಿದ. ಎತ್ತಿದ್ದು ನಿಜ, ಅದನ್ನು ನಾಲ್ಕು ಜನವೂ ಒಪ್ಪುತ್ತಾರೆ. ಇಳಿಸುವಾಗ ಬೆನ್ನಿನಲ್ಲಿ ಏನೋ ಛಳಕ್ ಅಂದು, ತಿಗರಿಯ ಪಕ್ಕದಲ್ಲಿ ಅವನೂ ಮಲಗಿಬಿಟ್ಟ. ಕುಂಕುಮ ಇಡಲು ಬಂದ ರಾಚಮ್ಮನಿಗೆ ಯಾರಿಗೆ ಮೊದಲು ಇಡಬೇಕೆಂದು ತೋಚಲಿಲ್ಲವಂತೆ.

ಆಸ್ಪತ್ರೆಯ ಡಾಕ್ಟರು ಬೆನ್ನು ಒತ್ತಿ ನೋಡಿ, “ಇನ್ನು ಮೇಲೆ ಬಗ್ಗಿ ಕೆಲಸ ಮಾಡೋ ಹಾಗಿಲ್ಲ. ಭಾರ ಎತ್ತೋ ಹಾಗಿಲ್ಲ. ಚೆನ್ನಾಗಿ ನಡೀಬೇಕು,” ಅಂದರು.

“ಬಗ್ಗದೆ ತಿಗರಿ ಎಂಗ್ ತಿರುಗ್ಸಾದು ಸಾ?”

“ತಿರುಗಿಸಬೇಡ.”

ಡಾಕ್ಟರಿಗೆ ಅದು ಒಂದು ಮಾತು. ಮಾದಶೆಟ್ಟಿಗೆ ಅದು ಮೂವತ್ತು ವರ್ಷದ ಬದುಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಊರವರೆಲ್ಲ ಬಾಯಿಪಾಠ ಮಾಡಿದ ಗಾದೆ ಈಗ ಅವನ ಮೈಮೇಲೇ ಬಂದು ಕೂತಿತ್ತು. ಗೋಡೆಗೊರಗಿಸಿದ ತಿಗರಿಯನ್ನು ನೋಡುತ್ತ ಜಗಲಿಯ ಮೇಲೆ ಕೂತಿರುತ್ತಿದ್ದ. ಮಾತು ಕಮ್ಮಿಯಾಯಿತು. ಕೇರಿಯವರಿಗೆ ಮೊದಲೆರಡು ದಿನ ಹಾಯೆನಿಸಿದರೂ ಆಮೇಲೆ ಅವರಿಗೂ ಬೇಜಾರಾಯಿತು.

ಅಂಥ ಹೊತ್ತಿನಲ್ಲಿ ರಾಚಮ್ಮನ ತಮ್ಮ ಸಿದ್ದಶೆಟ್ಟಿ ನಂಜನಗೂಡಿನಿಂದ ಬಂದ. ಅಲ್ಲೊಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ.

“ಬಾವ, ನಮ್ ಕಾರ್ಖಾನೇಲಿ ಗೇಟ್ ಕಾಯಾಕೆ ಒಬ್ರು ಬೇಕಂತೆ. ಸಾಯೇಬ್ರಿಗೆ ಏಳಿವ್ನಿ. ಸ್ಟೂಲ್ ಕೊಡ್ತಾರೆ, ಖಾಕಿ ಅಂಗಿ ಕೊಡ್ತಾರೆ. ಕೂತ್ಕಂಡೇ ಸಂಬ್ಳ!”

ಕೆಟ್ಟ ಕೆಲಸವಲ್ಲ. ಸಿದ್ದಶೆಟ್ಟಿಯದು ಒಳ್ಳೆಯ ಮನಸ್ಸೇ. ಅವನು ತಂದ ಟೋಪಿಯನ್ನು ಮಾದಶೆಟ್ಟಿ ಹಾಕಿಯೂ ನೋಡಿದ. ಕನ್ನಡಿಯಲ್ಲಿ ಕಂಡ ಮುಖ ಯಾರದೋ ಅನಿಸಿ, ತೆಗೆದು ಮೊಳೆಗೆ ನೇತುಹಾಕಿ, ಹಿತ್ತಿಲಿಗೆ ಹೋಗಿ ಅತ್ತ. ಅವನಿಗೆ ಖಾಕಿ ಬೇಡವಾಗಿತ್ತು, ಮಣ್ಣು ಬೇಕಾಗಿತ್ತು. ಅಷ್ಟು ಮಾತಾಡುವ ಗಂಡಸಿಗೆ ಇಷ್ಟನ್ನು ಹೇಳಲು ಮಾತು ಸಿಕ್ಕಲಿಲ್ಲ.

ರಾಚಮ್ಮ ನೋಡಿಯೂ ನೋಡದ ಹಾಗಿದ್ದಳು. ಊಟಕ್ಕಿಡುವಾಗ, “ಎಡತಲೆ ಚನ್ನಬಸಮ್ಮಾರು ಏಳ್ಕಳ್ಸವ್ರೆ. ಸುಗ್ಗೀಗೆ ಎಲ್ಡು ಗುಡಾಣ ಬೇಕಂತೆ. ನನ್ನೊಬ್ಳ ಕೈಲಿ ಒಂದಾಯ್ತದೆ, ಅಷ್ಟೆ,” ಅಂದಳು.

ಹೆಡತಲೆಯ ಚನ್ನಬಸಮ್ಮ ದೊಡ್ಡ ಬೇಸಾಯಗಾರರ ಮನೆಯ ಹಿರಿಯ ಹೆಂಗಸು. ಅವರ ಮನೆಯ ರಾಗಿ, ಹುರುಳಿ ತುಂಬಿದ ಗುಡಾಣಗಳೆಲ್ಲ ರಾಚಮ್ಮನವೇ.

ಮಾದಶೆಟ್ಟಿ ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿ, “ಇನ್ನೊಂದ ನಾನ್ ಕಟ್ತೀನಿ,” ಅಂದ.

“ಅದು ಎಂಗಸ್ರ ಕೆಲ್ಸ. ಎಮ್ಮೆ ತೊಳೆಯೋರ್ದು.”

“ಅಂದಿದ್ದು ತಪ್ಪಾಯ್ತು ಕಣಮ್ಮಿ.”

ರಾಚಮ್ಮ ಸಾರಿನ ಸೌಟನ್ನು ಕೈಯಲ್ಲೇ ಹಿಡಿದು ಅವನನ್ನು ನೋಡಿದಳು. ಮದುವೆಯಾದ ಮೇಲೆ ಆ ಮಾತು ಕೇಳಿದ್ದು ಅದೇ ಮೊದಲು. ಸಾರು ಇನ್ನೊಂದು ಸೌಟು ಜಾಸ್ತಿಯೇ ಬಿತ್ತು.

ಸಿದ್ದಶೆಟ್ಟಿಗೆ ಮಾದಶೆಟ್ಟಿ ಹೇಳಿ ಕಳಿಸಿದ್ದು ಇಷ್ಟು: “ಪುಷ್ಯದಲ್ಲಿ ಆವಗೆ ಬಿಚ್ಚೋಗಂಟ ತಡಿ. ನಾ ಕಟ್ಟಿದ್ ಗುಡಾಣ ನೆಟ್ಗೆ ಬೆಂದು ಈಚೆ ಬಂದ್ರೆ ನಾನು ಕುಂಬಾರ್ನೇ. ಒಡೆದ್ರೆ ಆವತ್ತೇ ಬಸ್ ಅತ್ತಿ ಬಂದು ನಿನ್ ಗೇಟ್ ಕಾಯ್ತೀನಿ.”

ಅವಸರ ಅವನ ಹುಟ್ಟುಗುಣ. ಮಾರನೆಯ ದಿನ ರಾಚಮ್ಮ ಮಣ್ಣು ತರಲು ಕೆರೆ ಕಡೆ ಹೋದಾಗ ಅವಳ ತಟ್ಟುಹಲಗೆಯನ್ನು ಎತ್ತಿಕೊಂಡು ತಟ್ಟತೊಡಗಿದ. ಮಂಕರಿ ಹೊತ್ತು ಬಾಗಿಲಿಗೆ ಬಂದವಳು ಅಲ್ಲಿಂದಲೇ ಕೂಗಿದಳು.

“ಇಡು ಅದ! ಇಡು ಕೆಳಕ್ಕೆ! ಅದು ನಮ್ಮವ್ವನ್ ಕೈ!”

ಕುಂಬಾರಗೇರಿಯಲ್ಲಿ ಹಲಗೆ ತಾಯಿಯಿಂದ ಮಗಳಿಗೆ ಹೋಗುವ ವಸ್ತು. ಸೀರೆ, ಬಳೆಯ ಜೊತೆ ಮಡಿಲಕ್ಕಿಯಲ್ಲಿ ಇಟ್ಟು ಕಳಿಸುತ್ತಾರೆ. ಹಿಡಿಯ ಮೇಲೆ ಅಜ್ಜಿ, ಮುತ್ತಜ್ಜಿಯರ ಹೆಬ್ಬೆರಳು ಸವೆಸಿದ ಗುಳಿ ಇರುತ್ತದೆ. ಇನ್ನೊಬ್ಬರ ಕೈ ಅದಕ್ಕೆ ತಾಗಿದರೆ ಆ ಗುಳಿಯ ಪಾಠ ಕೆಡುತ್ತದೆಂದು ನಂಬಿಕೆ. ಹೊಸ ಹಲಗೆ ಕೆತ್ತಿಸಿಕೊಂಡವರನ್ನು ಕೇರಿ ಲೆಕ್ಕಕ್ಕೇ ಹಿಡಿಯದು. ಮಾದಶೆಟ್ಟಿಯ ತಾಯಿಯ ಹಲಗೆ ಅವನ ಅಕ್ಕ ಜವರಮ್ಮನ ಜೊತೆ ತಲಕಾಡಿಗೆ ಹೋಗಿತ್ತು. ಗಂಡುಮಗ ಒಂದಲ್ಲ ಒಂದು ದಿನ ಅದನ್ನು ಕೇಳಿಯಾನು ಎಂದು ಯಾರಿಗೆ ಗೊತ್ತಿತ್ತು?

ತಲಕಾಡಿನ ಮರಳಿನಲ್ಲಿ ಮೆಲ್ಲಗೆ ಕಾಲೆಳೆಯುತ್ತ ಹೋಗಿ ವಿಷಯ ಹೇಳಿದಾಗ ಜವರಮ್ಮ ನಕ್ಕ ನಗುವಿಗೆ ಪಕ್ಕದ ಮನೆಯವರು ಬಂದು ನೋಡಿದರು. ನಕ್ಕು ನಕ್ಕು ಕಂಬ ಹಿಡಿದು ಕೂತಳು. ಕೂತ ಮೇಲೂ ನಕ್ಕಳು. ಆಮೇಲೆ ತಮ್ಮನ ಮುಖ ನೋಡಿ ಸುಮ್ಮನಾದಳು.

“ನಿಜ್ವಾಗ್ಲೂ ಬೇಕೇನ್ಲಾ ಮಾದ?”

“ಬೇಕು ಕಣಕ್ಕ.”

“ನಂಗೆ ಎಣ್ಮಕ್ಳಿಲ್ಲ. ನನ್ ಕೈಗೂ ಶಕ್ತಿ ಓಯ್ತು. ಕೊಡ್ತೀನಿ. ಆದ್ರೆ ಒಂದ್ಮಾತು. ಬಟ್ಟೇಲಿ ಸುತ್ಕಂಡು, ಚೀಲ್ದಾಗೆ ಬಚ್ಚಿಟ್ಕಂಡು ಓಗಂಗಿಲ್ಲ. ಅವ್ವ ಇದ್ನ ಬೀದೀಲಿ ಇಡ್ಕಂಡೇ ಓಡಾಡ್ತಿದ್ಲು. ನೀನೂ ಅಂಗೇ ಇಡ್ಕಂಡೋಗು.”

ಒಪ್ಪಿಕೊಂಡ. ಒಪ್ಪಿಕೊಳ್ಳುವಾಗ ಬಸ್ಸಿನ ನೆನಪಿರಲಿಲ್ಲ. ಮುಡುಕುತೊರೆಯಲ್ಲಿ ಬಸ್ಸು ತುಂಬಿತು. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದ ಮಾದಶೆಟ್ಟಿಯನ್ನು ಕಂಡು ಅವನ ಪರಿಚಯದ ಸಂತೆಯ ವ್ಯಾಪಾರಿಯೊಬ್ಬ, “ಏನ್ ಶೆಟ್ರೆ, ಎಂಗಸ್ರ ಅಲಗೆ ತಂದಿದ್ದೀರಿ?” ಅಂದ.

“ಇದಾ? ಎಂಡ್ರಿಗೆ,” ಅಂದ ಮಾದಶೆಟ್ಟಿ. ಅಂದ ಕೂಡಲೇ ಕಿವಿ ಬಿಸಿಯಾಯಿತು. ನರಸೀಪುರ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತ. ಅಕ್ಕನ ಮಾತನ್ನು ಕೈ ಉಳಿಸಿಕೊಂಡಿತ್ತು, ಬಾಯಿ ಕೈಬಿಟ್ಟಿತ್ತು.

ಕಲಿಕೆ ಶುರುವಾಯಿತು. ರಾಚಮ್ಮ ಅಂಗಳದ ನಡುವೆ ಕಲ್ಲು ಜೋಡಿಸಿ, ಮೊಣಕಾಲಿಗಿಂತ ಒಂದು ಗೇಣು ಎತ್ತರಕ್ಕೆ ದುಂಡನೆ ಕಟ್ಟೆ ಕಟ್ಟಿದಳು. ತಾನು ಹುಟ್ಟಿದಾಗಿನಿಂದ ನೆಲದ ಮೇಲೆ ಬಗ್ಗಿ ಕಟ್ಟಿದವಳು ಅವಳು. ಗಂಡ ಬಗ್ಗಬಾರದೆಂದು ಈ ಕಟ್ಟೆ. ಅದಕ್ಕಾಗಿ ಹೊತ್ತ ಕಲ್ಲುಗಳ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ, ಆದರೆ ಮಾದಶೆಟ್ಟಿ ಎಣ್ಣೆ ಬಿಸಿ ಮಾಡಿ ಅವಳ ಭುಜಕ್ಕೆ ತಿಕ್ಕಿದ.

ಮೇಷ್ಟರಾಗಿ ರಾಚಮ್ಮ ಬಲು ಖಡಕ್ಕು. ಮಣ್ಣಿನ ಹಗ್ಗ ಒಂದೇ ದಪ್ಪಕ್ಕೆ ಬರುವವರೆಗೆ ಹೊಸೆಸಿದಳು. ತಿಗರಿಯ ಅಭ್ಯಾಸಕ್ಕೆ ಅವನು ಮತ್ತೆ ಮತ್ತೆ ಕೈ ಒದ್ದೆ ಮಾಡಿಕೊಳ್ಳುತ್ತಿದ್ದ, ಕೈ ಮೇಲೆ ಬಡಿದಳು. “ನೀರ್ ಮುಟ್ಬ್ಯಾಡ! ಮುದ್ದೆ ತಿರುವ್ತಿದ್ದೀಯಾ?” ಅಂತ ಗದರಿದಳು. ಅವನು ಸಿಟ್ಟಾಗಿ ಎದ್ದು ಹೋಗಿ, ಬೀಡಿ ಸೇದಿ, ಮತ್ತೆ ಬಂದು ಕೂತ.

ಮೊದಲನೆಯ ಗುಡಾಣ ಮೊಳಕೈ ಎತ್ತರ ಬರುವಷ್ಟರಲ್ಲಿ ಒಂದು ಪಕ್ಕಕ್ಕೆ ವಾಲಿತು. ಒಂದು ಕಡೆ ಗೋಡೆ ಹಪ್ಪಳದಷ್ಟು ತೆಳು, ಇನ್ನೊಂದು ಕಡೆ ರೊಟ್ಟಿಯಷ್ಟು ದಪ್ಪ. ಮಣ್ಣು ಕೆಟ್ಟದ್ದೆಂದ. ಮುರಿದು ಮತ್ತೆ ಕಟ್ಟಿದ. ಅದೂ ಅದೇ ಪಕ್ಕಕ್ಕೆ ವಾಲಿತು. ಹಲಗೆ ಸೊಟ್ಟಗಿದೆಯೆಂದ. ಕಾಂಪೌಂಡಿನಾಚೆ ಕೇರಿಯ ಹೆಂಗಸರು ಸಾಲಾಗಿ ನಿಂತು ನೋಡುತ್ತಿದ್ದರು. ಅವರಲ್ಲಿ ಹಿರಿಯಳಾದ ಮಾದಮ್ಮ, “ಇದು ಗುಡಾಣಾನೋ, ಸೆಟ್ಟಿ ಬೆನ್ನೋ?” ಅಂದಳು. ನಗು ಗೋಡೆಯುದ್ದಕ್ಕೂ ಓಡಿತು. ಮಾದಶೆಟ್ಟಿ ಗುಡಾಣದ ಸುತ್ತ ಗೋಣಿತಾಟಿನ ಮರೆ ಕಟ್ಟಿಕೊಂಡ. ರಾಚಮ್ಮ ಹೋಗಿ ತೆಗೆದಳು. ಗಾಳಿಯಾಡದಿದ್ದರೆ ಹಸಿ ಮಣ್ಣು ಹೇಗೆ ಒಣಗಬೇಕು? ಅವನ ಮಾನಕ್ಕಿಂತ ಅವಳಿಗೆ ಮಣ್ಣು ಮುಖ್ಯ.

ತಪ್ಪು ಎಲ್ಲಿದೆಯೆಂದು ಅವಳಿಗೂ ತಕ್ಷಣ ತಿಳಿಯಲಿಲ್ಲ. ಹಲಗೆಯ ಏಟು ಸರಿಯಿತ್ತು, ಹಗ್ಗ ಸರಿಯಿತ್ತು. ಒಂದು ಬೆಳಿಗ್ಗೆ ಅವಳು ತನ್ನ ಕೆಲಸ ಬಿಟ್ಟು, ಬಾವಿಕಟ್ಟೆಯ ಮೇಲೆ ಕೂತು, ಗಂಡನ ಕೈಯನ್ನಲ್ಲ, ಕಾಲನ್ನು ನೋಡಿದಳು. ನೋಡುತ್ತ ನೋಡುತ್ತ ಬಿದ್ದು ಬಿದ್ದು ನಗತೊಡಗಿದಳು.

“ಅದ್ಯಾಕೆ ನಗ್ತೀಯ?”

“ನೀ ನಿಂತೇ ಇದ್ದೀಯಲ್ಲ ಮಾರಾಯ! ಗುಡಾಣ ತಿರಿಕ್ಕಂಡು ನಿನ್ತಾವ್ಕೆ ಬತ್ತದೆ ಅಂತ ಕಾಯ್ಕಂಡು ನಿಂತಿದ್ದೀಯ!”

ಹೌದಲ್ಲ! ಮೂವತ್ತು ವರ್ಷ ಮಡಕೆಯೇ ತಿರುಗಿ ತಿರುಗಿ ಅವನ ಕೈಗೆ ಬಂದಿತ್ತು. ಅವನು ಒಂದೇ ಕಡೆ ಊರಿದ ಕಾಲು ಎತ್ತಿದ್ದೇ ಇಲ್ಲ. ಈಗಲೂ ಹಾಗೆಯೇ ಊರಿಕೊಂಡು, ಕೈಗೆಟುಕಿದ ಪಕ್ಕವನ್ನೇ ತಟ್ಟಿದ್ದ. ಆಚೆ ಪಕ್ಕ ತನ್ನ ಸರದಿಗಾಗಿ ಕಾಯುತ್ತ ದಪ್ಪಗೇ ಉಳಿದಿತ್ತು. ಯಾವ ಕೂಸಿಗಾದರೂ ತಿಳಿಯುವ ವಿಷಯ, ತಿಗರಿಯ ಕುಂಬಾರನಿಗೆ ಮಾತ್ರ ತಿಳಿಯದ್ದು.

ರಾಚಮ್ಮ ಎದ್ದು ಬಂದು ಅವನ ಎರಡು ತೋಳು ಹಿಡಿದು, ಕಟ್ಟೆಯ ಸುತ್ತ ಹಿಂದಹಿಂದಕ್ಕೆ ನಡೆಸಿದಳು.

“ಒಂದೇಟು, ಒಂದೆಜ್ಜೆ. ಇನ್ನೊಂದೇಟು, ಇನ್ನೊಂದೆಜ್ಜೆ. ಅದು ತಿರುಗಾಕಿಲ್ಲ. ನೀನೇ ತಿರುಗ್ಬೇಕು. ನಾವು ಎಂಗಸ್ರು ತಿರುಗ್ದಂಗೆ.”

ಅವನು ನಡೆದ. ತಟ್ಟಿ ಒಂದು ಹೆಜ್ಜೆ, ತಟ್ಟಿ ಒಂದು ಹೆಜ್ಜೆ. ಮೊದಲು ತಲೆ ತಿರುಗಿತು, ಆಮೇಲೆ ಕಾಲಿಗೆ ಲಯ ಸಿಕ್ಕಿತು. ಗುಡಾಣ ಎತ್ತರಕ್ಕೆ ಬಂದ ಹಾಗೆಲ್ಲ ಅವನ ಬೆನ್ನೂ ನೆಟ್ಟಗಾಗುತ್ತ ಬಂತು. ಡಾಕ್ಟರು ನಡೆಯಲು ಹೇಳಿದ್ದರಲ್ಲ, ನರಸೀಪುರದಿಂದ ಮೈಸೂರಿಗೆ ಹೋಗಿ ಬರುವಷ್ಟು ದೂರವನ್ನು ಅವನು ಆ ಕಟ್ಟೆಯ ಸುತ್ತಲೇ ನಡೆದ. ತಾಯಿಯ ಹೆಬ್ಬೆರಳ ಗುಳಿಯಲ್ಲಿ ತನ್ನ ಹೆಬ್ಬೆರಳು ಕೂತದ್ದು ಯಾವಾಗಲೆಂದು ಅವನಿಗೇ ಗೊತ್ತಾಗಲಿಲ್ಲ. ಗೊತ್ತಾದಾಗ, ಅವ್ವ ಬೆಳಗಿನಿಂದ ಸಂಜೆವರೆಗೆ ಹೀಗೆ ಸುತ್ತುತ್ತಿದ್ದಾಗ ತಾನು ನೋಡಿಯೂ ಇರಲಿಲ್ಲವಲ್ಲ ಅನಿಸಿತು.

ಕಡೆಗೂ ಒಂದು ಗುಡಾಣ ನಿಂತಿತು. ನೆರಳಲ್ಲಿ ಒಣಗಿತು. ರಾಚಮ್ಮ ಕೆಮ್ಮಣ್ಣು ಬಳಿದುಕೊಟ್ಟಳು. ಹಸಿ ಗುಡಾಣ ನಿಂತರೆ ಆಯಿತೆ? ಬೆಂಕಿಯ ಪರೀಕ್ಷೆ ಬಾಕಿಯಿತ್ತು. ಅದಕ್ಕಿಂತ ದೊಡ್ಡದೊಂದೂ ಬಾಕಿಯಿತ್ತು.

ಮಡಕೆ ಸುಡುವ ಆವಗೆಯನ್ನು ಬಿಚ್ಚುವ ದಿನಕ್ಕೆ ಆ ಕೇರಿಯಲ್ಲಿ ಒಂದು ಕಟ್ಟಳೆ. ಗಂಡಸರು ಬೂದಿ ಸರಿಸಿ, ಸಣ್ಣ ಮಡಕೆಗಳನ್ನು ತೆಗೆದು, ದೂರ ಹೋಗಿ ನಿಲ್ಲಬೇಕು. ಆಮೇಲೆ ಗುಡಾಣ ಕಟ್ಟಿದವಳು ಒಬ್ಬಳೇ ಬಂದು ತನ್ನದನ್ನು ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡಬೇಕು. ದನಿ ಬಿರುಕಾಗಿದ್ದರೆ ಸುಮ್ಮನೆ ಅಲ್ಲೇ ಒಡೆದುಬಿಡಬೇಕು, ಯಾರೂ ಏನೂ ಕೇಳುವುದಿಲ್ಲ. ಖಣ್ ಅಂದರೆ, ಕೇರಿಗೆಲ್ಲ ಕೇಳುವ ಹಾಗೆ “ನಂದು!” ಅಂತ ಕೂಗಿ, ಹುಣಸೇಮರದ ಕೆಳಗಿರುವ ಹೆಂಗಸರ ಸಾಲಿಗೆ ಹೋಗಿ ನಿಲ್ಲಬೇಕು. ಯಾರೂ ಕೂಗದ ಗುಡಾಣವನ್ನು ಮಾರುವಂತಿಲ್ಲ.

“ಎಲ್ಡಕ್ಕೂ ನೀನೇ ಕೂಗ್ಬುಡು ರಾಚಿ,” ಅಂತ ಅವನು ಮೆಲ್ಲಗೆ ಕೇಳಿ ನೋಡಿದ್ದ.

“ನಂದಲ್ಲದ್ನ ನಂದು ಅನ್ನಾಕೆ ನನ್ ನಾಲ್ಗೆ ಏಳಾಕಿಲ್ಲ,” ಅಂದುಬಿಟ್ಟಿದ್ದಳು.

ಪುಷ್ಯದ ಒಂದು ಸೋಮವಾರ ಬೆಳಿಗ್ಗೆ, ಬೆಂಕಿ ಆರಿದ ಆವಗೆಯ ಸುತ್ತ ಕೇರಿಯೆಲ್ಲ ನೆರೆದಿತ್ತು. ಚನ್ನಬಸಮ್ಮ ಹುಲ್ಲು ಹಾಸಿದ ಗಾಡಿ ಕಟ್ಟಿಸಿಕೊಂಡು ಬಂದಿದ್ದರು. ಸಿದ್ದಶೆಟ್ಟಿ ಮಡಿಸಿದ ಖಾಕಿ ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದ, ಒಂಬತ್ತರ ಬಸ್ಸಿಗೆ ಬಾವನನ್ನು ಕರೆದೊಯ್ಯಲು. ಗಂಡಸರು ಬೂದಿ ಸರಿಸಿ ದೂರ ನಿಂತರು. ರಾಚಮ್ಮ ಹೋದಳು, ತಟ್ಟಿದಳು. ಖಣ್ ಅಂತು. “ನಂದು,” ಅಂದಳು, ಸಂತೆಯಲ್ಲಿ ಸೊಪ್ಪಿನ ಬೆಲೆ ಹೇಳುವಷ್ಟೇ ಸಲೀಸಾಗಿ. ಹುಣಸೇಮರದ ಕೆಳಗೆ ಹೋಗಿ ನಿಂತಳು.

“ಇನ್ನೊಂದೂ ನಿಂದೇ ತಾನೆ ರಾಚಮ್ಮ? ಕೂಗ್ಬುಡವ್ವ, ಗಾಡಿಗೆ ಎತ್ತಿಸ್ತೀನಿ,” ಅಂದರು ಚನ್ನಬಸಮ್ಮ.

ರಾಚಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಮಾದಶೆಟ್ಟಿ ಗಂಡಸರ ಸಾಲಿನಿಂದ ಈಚೆ ಬಂದ. ಬಿಸಿ ಬೂದಿಯ ಮೇಲೆ ಕಾಲಿಟ್ಟ. ಯಾರೋ ಕಿಸಕ್ಕೆಂದರು, ಯಾರೋ ಅವರ ಬಾಯಿ ಮುಚ್ಚಿಸಿದರು. ಗುಡಾಣದ ಹೊಟ್ಟೆಗೆ ಗೆಣ್ಣು ಮಡಿಸಿ ತಟ್ಟಿದ. ಖಣ್! ನಂಬಿಕೆ ಬರದೆ ಒಂದು ಹೆಜ್ಜೆ ಸರಿದು ತಟ್ಟಿದ. ಖಣ್! ಹಾಗೇ ಪೂರ್ತಿ ಒಂದು ಸುತ್ತು ಬಂದ. ಎಲ್ಲ ಪಕ್ಕಕ್ಕೂ ಅದೇ ದನಿ. ಇನ್ನು ಕೂಗಬೇಕು. ಬಾಯಿ ತೆರೆದ. ಮೂವತ್ತು ವರ್ಷ ಕೇರಿಯ ಕಿವಿ ಕಿತ್ತು ತಿಂದ ಗಂಟಲಿನಿಂದ ಸೊಲ್ಲೇ ಹೊರಡಲಿಲ್ಲ.

“ಬಾವ, ಬಸ್ನೊತ್ತಾಯ್ತು,” ಅಂದ ಸಿದ್ದಶೆಟ್ಟಿ.

“ನಂದು!”

ಹುಣಸೇಮರದ ಕಾಗೆಗಳೆಲ್ಲ ಒಟ್ಟಿಗೆ ಹಾರಿದವು. ಗಾಡಿಯ ಎತ್ತು ನೊಗ ಎಳೆಯಿತು. ಚನ್ನಬಸಮ್ಮ ಎದೆ ಮೇಲೆ ಕೈ ಇಟ್ಟುಕೊಂಡು, “ಇದೇನೋ ಮಾದಶೆಟ್ಟಿ, ಗುಡಾಣ ನೀನು ಕಟ್ಟಿದ್ದಾ?” ಅಂದರು.

“ಊಂ ಅಮ್ಮಾರೆ. ನಾನೇ ಕಟ್ದೆ. ನಮ್ ರಾಚಿ ಕಲ್ಸುದ್ಲು. ನನ್ಗಿಂತ ಒಳ್ಳೆ ಕೈ ಅವಳ್ದು, ಯಾವತ್ತೂ ಅವಳ್ದೇ.”

ಮಾದಶೆಟ್ಟಿಯ ಬಾಯಲ್ಲಿ ಇನ್ನೊಬ್ಬರ ಕೈಯ ಹೊಗಳಿಕೆ ಕೇಳಿದವರು ಅಲ್ಲಿ ಒಬ್ಬರೂ ಇರಲಿಲ್ಲ. ಅವನು ಏನು ಮಾಡಬೇಕೆಂದು ತೋಚದೆ ಬೂದಿಯಲ್ಲೇ ನಿಂತಿದ್ದ, ಗಂಡಸರ ಸಾಲಿಗೆ ಹಿಂದಿರುಗಲು ಒಂದು ಕಾಲನ್ನೂ ಎತ್ತಿದ್ದ.

“ಅಲ್ಲೆಲ್ಲಿಗೋಯ್ತಿದ್ದೀಯ?” ಅಂತ ಮರದ ಕೆಳಗಿನಿಂದ ರಾಚಮ್ಮ ಕೂಗಿದಳು. “ಗುಡಾಣ ಕಟ್ಟೋರು ನಿಲ್ಲಾದು ಈ ಕಡೆ. ಬಾ.”

ಮಾದಮ್ಮ ನಗುತ್ತ ಪಕ್ಕಕ್ಕೆ ಸರಿದಳು, ಅವಳ ಪಕ್ಕದವಳೂ ಸರಿದಳು. ರಾಚಮ್ಮನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗವಾಯಿತು. ಮಾದಶೆಟ್ಟಿ ಹೋಗಿ ಅಲ್ಲಿ ನಿಂತ.